ಅರೆಯುವುದು, ಇಡುವುದು, ಕಳುಹಿಸುವುದು: ಸಣ್ಣ ಮಸಾಲೆ ಘಟಕಕ್ಕೆ ಒಂದೇ ವಾರದ ಯೋಜನೆ ಹಾಕಿಕೊಳ್ಳುವ ಬಗೆ

ಮಸಾಲೆ ಪುಡಿ ಮಾಡುವ ಸಣ್ಣ ಘಟಕದಲ್ಲಿ ಪ್ರತಿ ವಾರವೂ ಮೂರು ಪ್ರಶ್ನೆಗಳು ಏಳುತ್ತವೆ: ಯಾವ ಪುಡಿಯನ್ನು ಎಷ್ಟು ಅರೆಯಬೇಕು, ಗೋದಾಮಿನಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ಯಾವ ಊರಿಗೆ ಯಾವ ದಿನ ಗಾಡಿ ಕಳುಹಿಸಬೇಕು. ಹೆಚ್ಚಿನ ಕಡೆ ಇವಕ್ಕೆ ಮೂವರು ಮೂರು ಮೂಲೆಯಲ್ಲಿ ಕೂತು ಉತ್ತರ ಕೊಡುತ್ತಾರೆ. ಮಿಲ್ಲು ನೋಡಿಕೊಳ್ಳುವವರಿಗೆ ಯಂತ್ರ ನಿಲ್ಲಬಾರದು. ಒಮ್ಮೆ ಖಾರದ ಪುಡಿಗೆ ಕೈಹಾಕಿದರೆ ಮೆಣಸಿನಕಾಯಿ ಮುಗಿಯುವವರೆಗೂ ಅರೆಯುತ್ತಾರೆ. ಗೋದಾಮಿನವರಿಗೆ ಜಾಗ ತುಂಬಬಾರದು, ಹಳೆಯ ಮಾಲು ಉಳಿಯಬಾರದು. ಗಾಡಿ ಕಳುಹಿಸುವವರಿಗೆ ಅರ್ಧ ಲೋಡಿನ ಟ್ರಿಪ್ ಆಗಬಾರದು. ಹಾಗಾಗಿ ಲೋಡ್ ತುಂಬುವವರೆಗೆ ಕಾಯುತ್ತಾರೆ. ಮೂವರೂ ತಮ್ಮ ತಮ್ಮ ಕೆಲಸವನ್ನು ನಿಷ್ಠೆಯಿಂದಲೇ ಮಾಡುತ್ತಿದ್ದರೂ ದಾವಣಗೆರೆಯ ಸಗಟು ವ್ಯಾಪಾರಿ ಖಾರದ ಪುಡಿ ಬರಲಿಲ್ಲವೆಂದು ಫೋನು ಮಾಡುವ ಹೊತ್ತಿಗೆ ಗೋದಾಮಿನ ತುಂಬ ಸಾರಿನ ಪುಡಿ ಇರುತ್ತದೆ.

ಈ ಮೂರು ನಿರ್ಧಾರಗಳು ನಿಜವಾಗಿ ಒಂದೇ ನಿರ್ಧಾರದ ಮೂರು ಮುಖಗಳು ಎಂಬ ತಿಳಿವಳಿಕೆ ಹೊಸದಲ್ಲ. ಮುಂದೆ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾದ ಪಂಕಜ್ ಚಂದ್ರ ಅವರು ಮಾರ್ಷಲ್ ಫಿಶರ್ ಅವರೊಂದಿಗೆ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಉತ್ಪಾದನೆ ಮತ್ತು ಸಾಗಣೆಯನ್ನು ಬೇರೆ ಬೇರೆಯಾಗಿ ಯೋಜಿಸಿದರೆ ಆಗುವ ವೆಚ್ಚವನ್ನೂ ಒಟ್ಟಿಗೆ ಯೋಜಿಸಿದರೆ ಆಗುವ ವೆಚ್ಚವನ್ನೂ ಅನೇಕ ಮಾದರಿ ಸಮಸ್ಯೆಗಳ ಮೇಲೆ ಹೋಲಿಸಿ ನೋಡಿದರು. ಒಟ್ಟಿಗೆ ಯೋಜಿಸಿದಾಗ ಆದ ಉಳಿತಾಯ ಶೇ. 3ರಿಂದ ಶೇ. 20ರವರೆಗೆ ಇತ್ತು. ದೊಡ್ಡ ಕಂಪನಿಗಳು ಈ ಕೆಲಸಕ್ಕೆ ದುಬಾರಿ ತಂತ್ರಾಂಶ ಇಟ್ಟುಕೊಂಡಿವೆ. ಹತ್ತು ಹದಿನೈದು ಜನರ ಘಟಕಕ್ಕೆ ಅದು ಬೇಕಿಲ್ಲ. ಒಂದು ಎಕ್ಸೆಲ್ ಹಾಳೆ, ವಾರಕ್ಕೆ ಒಂದು ಗಂಟೆಯ ಕೂಟ, ಮತ್ತು ಮೂವರೂ ಒಂದೇ ಹಾಳೆಯನ್ನು ನಂಬುವ ಶಿಸ್ತು ಇದ್ದರೆ ಸಾಕು.

ವಿವರಣೆಗಾಗಿ ಹುಬ್ಬಳ್ಳಿಯಲ್ಲಿ ಒಂದು ಘಟಕವಿದೆಯೆಂದು ಕಲ್ಪಿಸಿಕೊಳ್ಳೋಣ. ಅದು ಖಾರದ ಪುಡಿ, ಸಾಂಬಾರ್ ಪುಡಿ, ಸಾರಿನ ಪುಡಿ ಎಂಬ ಮೂರನ್ನು ಮಾಡುತ್ತದೆ. ಅರೆಯಲು ಇರುವುದು ಒಂದೇ ಪಲ್ವರೈಸರ್. ಗಂಟೆಗೆ 60 ಕಿಲೋ ಅರೆಯುತ್ತದೆ. ದಿನಕ್ಕೆ 8 ಗಂಟೆಯಂತೆ ವಾರಕ್ಕೆ 6 ದಿನ ಕೆಲಸ. ಸ್ವಂತದ ಗಾಡಿ ಒಂದು, 1,000 ಕಿಲೋ ಹೊರುತ್ತದೆ, ಕಿಲೋಮೀಟರಿಗೆ ಎಲ್ಲ ಸೇರಿ 15 ರೂಪಾಯಿ ಬೀಳುತ್ತದೆ. ಮಾಲು ಹೋಗುವುದು ಹಾವೇರಿ, ದಾವಣಗೆರೆ, ಬೆಳಗಾವಿ, ಗದಗದ ನಾಲ್ವರು ಸಗಟು ವ್ಯಾಪಾರಿಗಳಿಗೆ. ಊರುಗಳ ದೂರ ಸರಿಸುಮಾರು ವಾಸ್ತವದ್ದು. ಉಳಿದ ಅಂಕಿಗಳೆಲ್ಲ ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಘಟಕದ ಅಂಕಿಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಂಡು ಓದಿದರೆ ಲೇಖನದ ಪ್ರಯೋಜನ ಹೆಚ್ಚು.

ಹೆಜ್ಜೆ 1: ಎಲ್ಲರಿಗೂ ಒಂದೇ ಅಳತೆ

ಮಿಲ್ಲಿನಲ್ಲಿ ಲೆಕ್ಕ ಕಿಲೋದಲ್ಲಿ ನಡೆಯುತ್ತದೆ, ಗೋದಾಮಿನಲ್ಲಿ ಡಬ್ಬಿಗಳಲ್ಲಿ, ಗಾಡಿಯಲ್ಲಿ ಚೀಲಗಳಲ್ಲಿ, ಮಾರಾಟದವರ ಬಾಯಲ್ಲಿ ರೂಪಾಯಿಯಲ್ಲಿ. ಈ ನಾಲ್ಕು ಭಾಷೆಗಳ ನಡುವೆ ಯೋಜನೆ ಹುಟ್ಟುವುದಿಲ್ಲ. ಎಲ್ಲವನ್ನೂ ಕಿಲೋಗೆ ತನ್ನಿ; ಕಾಲವನ್ನು ದಿನಕ್ಕೆ ತನ್ನಿ. ಯಾವ ಪುಡಿ ಯಾವ ದಿನ ಅರೆಯಲ್ಪಟ್ಟಿತು ಎಂಬುದಕ್ಕಿಂತ ಯಾವ ದಿನ ಗಾಡಿಗೆ ಏರಿಸಲು ಸಿದ್ಧವಾಯಿತು ಎಂಬ ದಿನವನ್ನೇ ಹಾಳೆಯಲ್ಲಿ ಬರೆಯಬೇಕು. ಯಂತ್ರದಿಂದ ಬಿಸಿಯಾಗಿ ಬರುವ ಪುಡಿಯನ್ನು ಆರಿಸದೆ ಪ್ಯಾಕ್ ಮಾಡಿದರೆ ಒಳಗೆ ತೇವ ಕಟ್ಟಿ ಗಂಟಾಗುತ್ತದೆ. ಆದ್ದರಿಂದ ನಮ್ಮ ಘಟಕದಲ್ಲಿ ಸೋಮವಾರ ಅರೆದದ್ದು ಮಂಗಳವಾರ ಜರಡಿ ಹಿಡಿದು ಪ್ಯಾಕ್ ಆಗಿ ಬುಧವಾರ ಬೆಳಿಗ್ಗೆಗೆ ಸಿದ್ಧ. ಈ ಒಂದು ದಿನವನ್ನು ಮರೆತ ಯೋಜನೆಗಳು ಗಾಡಿ ಬಾಗಿಲಲ್ಲಿ ನಿಂತಾಗಲೇ ಮುರಿದು ಬೀಳುತ್ತವೆ.

ಹೆಜ್ಜೆ 2: ಆರ್ಡರ್ ಬೇರೆ, ಬೇಡಿಕೆ ಬೇರೆ

ವ್ಯಾಪಾರಿ ಕೊಡುವ ಆರ್ಡರನ್ನೇ ಬೇಡಿಕೆ ಎಂದು ನಂಬುವುದು ಈ ಕೆಲಸದಲ್ಲಿ ಆಗುವ ಅತ್ಯಂತ ದೊಡ್ಡ ತಪ್ಪು. ಕಳೆದ ಸಲ ಮಾಲು ತಡವಾಯಿತೆಂದು ಈ ಸಲ ಅವರು ಎರಡು ಪಟ್ಟು ಕೇಳುತ್ತಾರೆ. ನೀವು ಅದನ್ನು ನಂಬಿ ಎರಡು ಪಟ್ಟು ಅರೆಯುತ್ತೀರಿ, ಅದಕ್ಕಾಗಿ ಇನ್ನೂ ಹೆಚ್ಚು ಕಾಯಿ ಕೊಳ್ಳುತ್ತೀರಿ. ಮುಂದಿನ ಎರಡು ವಾರ ಅವರ ಅಂಗಡಿಯಲ್ಲಿ ಮಾಲು ತುಂಬಿರುವುದರಿಂದ ಆರ್ಡರೇ ಬರುವುದಿಲ್ಲ. ಅಂಗಡಿಯ ಮುಂದೆ ನಿಂತ ಗ್ರಾಹಕರು ಕೊಂಡದ್ದು ಪ್ರತಿ ವಾರವೂ ಹೆಚ್ಚುಕಡಿಮೆ ಅಷ್ಟೇ ಆಗಿದ್ದರೂ ಸರಪಳಿಯಲ್ಲಿ ಹಿಂದೆ ಹಿಂದೆ ಹೋದಂತೆ ಏರಿಳಿತ ಹಿಗ್ಗುತ್ತಾ ಹೋಗುತ್ತದೆ.

ಇದಕ್ಕೆ ಪರಿಹಾರ ಸರಳವಾದದ್ದು, ಆದರೆ ನಂಬಿಕೆ ಬೇಡುವಂಥದ್ದು. ಪ್ರತಿ ಶುಕ್ರವಾರ ಸಂಜೆ ನಾಲ್ವರು ವ್ಯಾಪಾರಿಗಳಿಂದಲೂ “ಎಷ್ಟು ಬೇಕು” ಎಂದು ಕೇಳುವ ಬದಲು “ಎಷ್ಟು ಉಳಿದಿದೆ” ಎಂದು ಕೇಳಿ, ಮೂರು ಅಂಕಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಕಳೆದ ವಾರದ ಉಳಿಕೆಗೆ ನೀವು ಕಳುಹಿಸಿದ್ದನ್ನು ಕೂಡಿಸಿ, ಈ ವಾರದ ಉಳಿಕೆಯನ್ನು ಕಳೆದರೆ ಅವರ ನಿಜವಾದ ಮಾರಾಟ ಸಿಗುತ್ತದೆ. ಎಂಟು ಹತ್ತು ವಾರ ಹೀಗೆ ಬರೆದಿಟ್ಟರೆ ಸರಾಸರಿಯೂ ಏರಿಳಿತವೂ ಕಣ್ಣಿಗೆ ಕಾಣುತ್ತವೆ. ವ್ಯಾಪಾರಿಗಳು ಮೊದಮೊದಲು ತಮ್ಮ ಉಳಿಕೆಯನ್ನು ಹೇಳಲು ಹಿಂಜರಿಯುತ್ತಾರೆ. ಹೇಳಿದವರಿಗೆ ಮಾಲು ತಪ್ಪದೆ ಬರುತ್ತದೆ ಎಂಬುದು ಒಂದೆರಡು ತಿಂಗಳಲ್ಲಿ ಅವರ ಅನುಭವಕ್ಕೆ ಬಂದರೆ ಹಿಂಜರಿಕೆ ತಾನಾಗಿ ಹೋಗುತ್ತದೆ.

ನಮ್ಮ ಉದಾಹರಣೆಯಲ್ಲಿ ವಾರದ ಸರಾಸರಿ ಹೀಗಿದೆ:

ಹಾವೇರಿ: ಖಾರ 150, ಸಾಂಬಾರ್ 100, ಸಾರು 100, ಒಟ್ಟು 350 ಕಿಲೋ.
ದಾವಣಗೆರೆ: ಖಾರ 250, ಸಾಂಬಾರ್ 200, ಸಾರು 150, ಒಟ್ಟು 600 ಕಿಲೋ.
ಬೆಳಗಾವಿ: ಖಾರ 300, ಸಾಂಬಾರ್ 150, ಸಾರು 100, ಒಟ್ಟು 550 ಕಿಲೋ.
ಗದಗ: ಖಾರ 200, ಸಾಂಬಾರ್ 150, ಸಾರು 150, ಒಟ್ಟು 500 ಕಿಲೋ.

ಎಲ್ಲ ಸೇರಿ ಖಾರ 900, ಸಾಂಬಾರ್ 600, ಸಾರು 500, ಒಟ್ಟು 2,000 ಕಿಲೋ.

ಹೆಜ್ಜೆ 3: ಯಂತ್ರದ ಗಂಟೆಗಳನ್ನು ಪ್ರಾಮಾಣಿಕವಾಗಿ ಎಣಿಸುವುದು

ವಾರಕ್ಕೆ 48 ಗಂಟೆ, ಗಂಟೆಗೆ 60 ಕಿಲೋ, ಆದ್ದರಿಂದ 2,880 ಕಿಲೋ ಎಂದು ಹೇಳುವ ಲೆಕ್ಕ ಕಾಗದದ್ದು. ಸಾರಿನ ಪುಡಿಯಿಂದ ಸಾಂಬಾರ್ ಪುಡಿಗೆ, ಸಾಂಬಾರ್ ಪುಡಿಯಿಂದ ಖಾರಕ್ಕೆ ಹೋಗುವಾಗ ಒಂದು ಗಂಟೆಯ ಸಾಧಾರಣ ಶುಚಿ ಸಾಕು. ಆದರೆ ಖಾರ ಅರೆದ ಯಂತ್ರದಲ್ಲಿ ಸಾರಿನ ಪುಡಿ ಮಾಡಬೇಕಾದರೆ ಜರಡಿ ಬಿಚ್ಚಿ, ಕೊಳವೆ ಉದುರಿಸಿ, ಪೂರ್ತಿ ತೊಳೆದು ಒಣಗಿಸಲು ನಾಲ್ಕು ಗಂಟೆ ಬೇಕೇ ಬೇಕು; ಹಾಗೆ ಮಾಡದಿದ್ದರೆ ಸಾರಿನ ಪುಡಿಯ ಬಣ್ಣ, ಖಾರ ಎರಡೂ ಕೆಡುತ್ತವೆ. ಹಾಗಾಗಿ ವಾರದಲ್ಲಿ ಎಷ್ಟು ಸಲ ಖಾರಕ್ಕೆ ಹೋಗಿ ಮರಳುತ್ತೇವೆ ಎಂಬುದೇ ಯಂತ್ರದ ಸಾಮರ್ಥ್ಯವನ್ನು ನಿರ್ಧರಿಸುತ್ತದೆ. ಮೂರೂ ಪುಡಿಗಳನ್ನು ಸಾರು, ಸಾಂಬಾರ್, ಖಾರ ಎಂಬ ಸರದಿಯಲ್ಲಿ ವಾರಕ್ಕೊಮ್ಮೆ ಮಾಡಿದರೆ ಶುಚಿಗೆ 6 ಗಂಟೆ, ಅರೆಯಲು ಸುಮಾರು 33.3 ಗಂಟೆ, ಒಟ್ಟು 39.3 ಗಂಟೆ. ಉಳಿಯುವ 8.7 ಗಂಟೆ ಕರೆಂಟು ಹೋದಾಗ, ಬೆಲ್ಟು ಹರಿದಾಗ, ಕೆಲಸದವರು ರಜೆ ಹಾಕಿದಾಗ ಉಪಯೋಗಕ್ಕೆ ಬರುತ್ತದೆ. ಈ ಉಳಿಕೆಯನ್ನು ವ್ಯರ್ಥವೆಂದು ಎಣಿಸಿ ತುಂಬಲು ಹೋಗಬೇಡಿ.

ಹೆಜ್ಜೆ 4: ದಾರಿಗಳನ್ನು ಜೋಡಿಸುವುದು

ಹಾವೇರಿ ಹುಬ್ಬಳ್ಳಿಯಿಂದ ಸುಮಾರು 75 ಕಿ.ಮೀ., ದಾವಣಗೆರೆ ಸುಮಾರು 150 ಕಿ.ಮೀ. ಎರಡೂ ಒಂದೇ ಹೆದ್ದಾರಿಯ ಮೇಲೆ, ಒಂದರ ಮುಂದೆ ಒಂದು. ಬೇರೆ ಬೇರೆ ಹೋದರೆ ಹೋಗಿ ಬರಲು 150 ಮತ್ತು 300, ಒಟ್ಟು 450 ಕಿ.ಮೀ.; ಒಂದೇ ಟ್ರಿಪ್‌ನಲ್ಲಿ ಹೋದರೆ 300 ಕಿ.ಮೀ. ಉಳಿಯುವುದು 150 ಕಿ.ಮೀ., ಅಂದರೆ ವಾರಕ್ಕೆ 2,250 ರೂಪಾಯಿ. ಎರಡು ಊರುಗಳನ್ನು ಜೋಡಿಸಿದಾಗ ಆಗುವ ಉಳಿತಾಯವನ್ನು ಹೀಗೆ ಜೋಡಿ ಜೋಡಿಯಾಗಿ ಲೆಕ್ಕ ಹಾಕಿ, ಹೆಚ್ಚು ಉಳಿತಾಯದ ಜೋಡಿಯಿಂದ ಆರಂಭಿಸಿ ದಾರಿ ಕಟ್ಟುವ ವಿಧಾನವನ್ನು ಕ್ಲಾರ್ಕ್ ಮತ್ತು ರೈಟ್ ಎಂಬಿಬ್ಬರು 1964ರಲ್ಲಿ ವಿವರಿಸಿದ್ದರು. ಇಷ್ಟು ವರ್ಷಗಳ ನಂತರವೂ ಕೈಯಲ್ಲೇ ಮಾಡಬಹುದಾದ ಇದಕ್ಕಿಂತ ಒಳ್ಳೆಯ ಲೆಕ್ಕ ಸಣ್ಣ ಘಟಕಕ್ಕೆ ಸಿಗುವುದು ಕಷ್ಟ.

ಹಾವೇರಿ ಮತ್ತು ದಾವಣಗೆರೆಯ ಮಾಲು ಸೇರಿ 950 ಕಿಲೋ, ಗಾಡಿಗೆ ಸರಿಯಾಗಿ ಹಿಡಿಯುತ್ತದೆ. ಬೆಳಗಾವಿ ಸುಮಾರು 100 ಕಿ.ಮೀ. ವಾಯವ್ಯಕ್ಕೆ, ಗದಗ ಸುಮಾರು 60 ಕಿ.ಮೀ. ಪೂರ್ವಕ್ಕೆ, ಅವನ್ನು ಜೋಡಿಸುವುದರಿಂದ ಏನೂ ಉಳಿಯದು, ಮಾಲೂ 1,050 ಕಿಲೋ ಆಗಿ ಗಾಡಿ ಮೀರುತ್ತದೆ. ಆದ್ದರಿಂದ ವಾರಕ್ಕೆ ಮೂರು ಟ್ರಿಪ್: ದಕ್ಷಿಣಕ್ಕೆ (ಹಾವೇರಿ, ದಾವಣಗೆರೆ) ಒಂದು, ಬೆಳಗಾವಿಗೆ ಒಂದು, ಗದಗಕ್ಕೆ ಒಂದು. ಕಳುಹಿಸುವ ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿ ವ್ಯವಸ್ಥೆಯಲ್ಲಿ ಪಡೆಯುವ ಪತ್ರ) ಬೇಕು. ಇಬ್ಬರು ವ್ಯಾಪಾರಿಗಳ ಮಾಲು ಒಂದೇ ಗಾಡಿಯಲ್ಲಿ ಹೋದರೂ ಬಿಲ್ಲು ಪ್ರತ್ಯೇಕ. ಹಿಂದಿನ ಸಂಜೆಯೇ ಪ್ರಮಾಣ ನಿಶ್ಚಯವಾಗಿದ್ದರೆ ಈ ಕಾಗದಪತ್ರ ಬೆಳಗಿನ ಗಡಿಬಿಡಿಗೆ ಸೇರುವುದಿಲ್ಲ.

ದಕ್ಷಿಣದ ದಾರಿಗೆ ಇನ್ನೊಂದು ಗುಣವಿದೆ. ಬ್ಯಾಡಗಿ ಹಾವೇರಿಯ ಆಚೆ, ಇದೇ ಹೆದ್ದಾರಿಯಿಂದ ಕೆಲವೇ ಕಿಲೋಮೀಟರ್ ಒಳಗಿದೆ. ಕಡುಗೆಂಪು ಬಣ್ಣಕ್ಕೆ, ಹದವಾದ ಖಾರಕ್ಕೆ ಹೆಸರಾಗಿ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಮೆಣಸಿನಕಾಯಿಯ ಊರು ಅದು. ಅಲ್ಲಿಯ ಮಾರುಕಟ್ಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ದಾವಣಗೆರೆಯಿಂದ ಖಾಲಿ ಮರಳುವ ಗಾಡಿ ಅಲ್ಲಿ ಕಾಯಿ ತುಂಬಿಕೊಂಡು ಬರಬಹುದು. ಒಣಕಾಯಿ ತೂಕಕ್ಕಿಂತ ಜಾಗ ಹೆಚ್ಚು ತಿನ್ನುವುದರಿಂದ ವಾರಕ್ಕೆ ಬೇಕಾದಷ್ಟೂ ಒಂದೇ ಗಾಡಿಯಲ್ಲಿ ಬಾರದಿರಬಹುದು, ಆದರೆ ಬಂದಷ್ಟಕ್ಕೂ ಸಾಗಣೆ ಬಹುತೇಕ ಪುಕ್ಕಟೆ.

ಹೆಜ್ಜೆ 5: ಮೂರನ್ನೂ ಒಂದೇ ಹಾಳೆಗೆ ತರುವುದು

ಇಲ್ಲಿಯವರೆಗೆ ಮಾಡಿದ್ದೆಲ್ಲ ಬಿಡಿ ಬಿಡಿ ಲೆಕ್ಕ. ಈಗ ಯಾವ ದಾರಿಯ ಗಾಡಿ ಯಾವ ದಿನ ಎಂಬುದನ್ನು ಯಂತ್ರದ ಸರದಿಯೊಂದಿಗೆ ಹೊಂದಿಸಬೇಕು. ಹಾಳೆಯ ಬೆನ್ನೆಲುಬು ಒಂದೇ ಸಮೀಕರಣ: ಹಿಂದಿನ ದಿನದ ಉಳಿಕೆ + ಇಂದು ಸಿದ್ಧವಾದದ್ದು − ಇಂದು ಹೋದದ್ದು = ಇಂದಿನ ಉಳಿಕೆ. ಪ್ರತಿ ಪುಡಿಗೂ ಪ್ರತಿ ದಿನಕ್ಕೂ ಒಂದು ಸಾಲು. ಹಾಳೆಯ ಯಾವ ಮನೆಯಲ್ಲೂ ಉಳಿಕೆ ಸೊನ್ನೆಗಿಂತ ಕೆಳಗೆ ಇಳಿಯಬಾರದು, ಯಾವ ದಿನವೂ ಯಂತ್ರ 8 ಗಂಟೆ ಮೀರಬಾರದು, ಯಾವ ಟ್ರಿಪ್ಪೂ 1,000 ಕಿಲೋ ಮೀರಬಾರದು. ಈ ಮೂರು ನಿಯಮಗಳೊಳಗೆ ಕೂರುವ ಯಾವ ಯೋಜನೆಯೂ ನಡೆಯುವ ಯೋಜನೆ. ಅವುಗಳಲ್ಲಿ ಅಗ್ಗವಾದದ್ದನ್ನು ಹುಡುಕುವುದು ಆಮೇಲಿನ ಮಾತು.

ಯಂತ್ರದ ವಾರ ಹೀಗೆ ಸಾಗುತ್ತದೆ. ಸೋಮವಾರ ಪೂರ್ತಿ ಸಾರಿನ ಪುಡಿ, 480 ಕಿಲೋ. ಮಂಗಳವಾರ ಉಳಿದ 20 ಕಿಲೋ ಮುಗಿಸಿ, ಶುಚಿ ಮಾಡಿ, ಸಾಂಬಾರ್ ಪುಡಿ 400 ಕಿಲೋ. ಬುಧವಾರ ಸಾಂಬಾರ್ 200, ಮತ್ತೆ ಶುಚಿ, ಅನಂತರ ಖಾರ 220. ಗುರುವಾರ ಪೂರ್ತಿ ಖಾರ, 480. ಶುಕ್ರವಾರ ಖಾರ 200, ಅನಂತರ ನಾಲ್ಕು ಗಂಟೆಯ ಪೂರ್ಣ ಶುಚಿ. ಶನಿವಾರ ಯಂತ್ರಕ್ಕೆ ಬಿಡುವು, ಪ್ಯಾಕಿಂಗ್‌ಗೆ ಕೆಲಸ.

ಗಾಡಿಯ ವಾರ: ಸೋಮವಾರ ಗದಗ, ಗುರುವಾರ ಹಾವೇರಿ ಮತ್ತು ದಾವಣಗೆರೆ, ಮರಳುವಾಗ ಬ್ಯಾಡಗಿ, ಶನಿವಾರ ಬೆಳಗಾವಿ.

ಇವೆರಡನ್ನು ಕೂಡಿಸಿದಾಗ ಖಾರದ ಪುಡಿಯ ಸಾಲು ಏನು ಹೇಳುತ್ತದೆಂದು ನೋಡೋಣ:

ಶನಿವಾರ ರಾತ್ರಿಯ ಉಳಿಕೆ 400.
ಸೋಮವಾರ: ಸಿದ್ಧ 200, ಗದಗಕ್ಕೆ 200, ಉಳಿಕೆ 400.
ಮಂಗಳವಾರ, ಬುಧವಾರ: ಬದಲಾವಣೆಯಿಲ್ಲ, ಉಳಿಕೆ 400.
ಗುರುವಾರ: ದಕ್ಷಿಣಕ್ಕೆ 400, ಉಳಿಕೆ 0.
ಶುಕ್ರವಾರ: ಸಿದ್ಧ 220, ಉಳಿಕೆ 220.
ಶನಿವಾರ: ಸಿದ್ಧ 480, ಬೆಳಗಾವಿಗೆ 300, ಉಳಿಕೆ 400.

ಚಕ್ರ ತಾನು ಹೊರಟಲ್ಲಿಗೇ ಮರಳಿತು. ಸಾರು, ಸಾಂಬಾರ್ ಪುಡಿಗಳ ಸಾಲುಗಳನ್ನೂ ಹೀಗೇ ಬರೆದರೆ ಅವು ಸೋಮವಾರ ಗದಗದ ಗಾಡಿ ಹೊರಟ ಮೇಲೆ ಸೊನ್ನೆಗೆ ಬರುತ್ತವೆ. ಅಂದರೆ ಈ ಯೋಜನೆಯಲ್ಲಿ ವಾರದ ನಡುವೆ ಕಾಯುತ್ತ ಕೂರುವ ಮಾಲು 400 ಕಿಲೋ ಖಾರದ ಪುಡಿ ಮಾತ್ರ.

ಈ 400 ಕಿಲೋ ಕಂಡಾಗ ಗೋದಾಮಿನವರು ಒಪ್ಪುವುದಿಲ್ಲ. ದಕ್ಷಿಣದ ಗಾಡಿಯನ್ನು ಶನಿವಾರಕ್ಕೂ ಬೆಳಗಾವಿಯ ಗಾಡಿಯನ್ನು ಗುರುವಾರಕ್ಕೂ ಬದಲಿಸಿದರೆ ಕಾಯುವ ಮಾಲು 300 ಕಿಲೋಗೆ ಇಳಿಯುತ್ತದಲ್ಲ ಎನ್ನುತ್ತಾರೆ. ಅವರ ಮಾತು ಸರಿ. ಆದರೆ ಆ 100 ಕಿಲೋದ ಬೆಲೆಯೇನು? ಕಿಲೋಗೆ 300 ರೂಪಾಯಿಯಂತೆ 30,000 ರೂಪಾಯಿಯ ಮಾಲು. ಬಡ್ಡಿ, ಜಾಗ ಎಲ್ಲ ಸೇರಿ ವರ್ಷಕ್ಕೆ ಶೇ. 18 ಎಂದರೆ ವಾರಕ್ಕೆ ಸುಮಾರು 104 ರೂಪಾಯಿ. ಅದನ್ನು ಉಳಿಸಲು ಗುರುವಾರದ ಬ್ಯಾಡಗಿ ಮಾರುಕಟ್ಟೆಯನ್ನು ಬಿಟ್ಟರೆ ಕಾಯಿ ತರಲು ಪ್ರತ್ಯೇಕ ಟ್ರಿಪ್ ಬೇಕು. ಹೋಗಿ ಬರಲು 180 ಕಿ.ಮೀ. ಎಂದರೂ 2,700 ರೂಪಾಯಿ. ಗುರುವಾರ ಕೊಂಡ ಕಾಯನ್ನು ಶನಿವಾರದವರೆಗೆ ಅಲ್ಲೇ ಬಿಟ್ಟು ಬರಬಹುದು ಎನ್ನುವವರೂ ಇದ್ದಾರೆ. ಬಿಡಬಹುದು, ಆದರೆ ತೂಕವಾದ ಚೀಲಗಳಿಗೆ ಕಾವಲು ಬೇಕು, ಜಾಗಕ್ಕೆ ಬಾಡಿಗೆ ಬೇಕು. 104 ರೂಪಾಯಿಗಾಗಿ ಅದೂ ತಕ್ಕುದಲ್ಲ. ಗೋದಾಮಿನ ಲೆಕ್ಕವನ್ನಷ್ಟೇ ನೋಡಿದ್ದರೆ ಈ ತೀರ್ಮಾನಕ್ಕೆ ಬರುತ್ತಿರಲಿಲ್ಲ, ಗಾಡಿಯ ಲೆಕ್ಕವನ್ನಷ್ಟೇ ನೋಡಿದ್ದರೂ ಬರುತ್ತಿರಲಿಲ್ಲ. ಒಟ್ಟಿಗೆ ಯೋಜಿಸುವುದು ಎಂಬ ಮಾತಿನ ಅರ್ಥ ನನಗೆ ಇಂಥ ಒಂದೊಂದು ಹೋಲಿಕೆಯಲ್ಲೇ ಸ್ಪಷ್ಟವಾಗುವುದು.

ಹೆಜ್ಜೆ 6: ಬ್ಯಾಚ್ ಎಷ್ಟು ದೊಡ್ಡದಿರಬೇಕು

ಒಂದು ಸಲಕ್ಕೆ ಎಷ್ಟು ಮಾಡಿದರೆ ಮಿತವ್ಯಯ ಎಂಬ ಪ್ರಶ್ನೆಗೆ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲೇ ಸೂತ್ರ ಕೊಟ್ಟಿದ್ದರು: ವರ್ಷದ ಬೇಡಿಕೆಯನ್ನು ಒಂದು ಸಲದ ಸಿದ್ಧತೆಯ ವೆಚ್ಚದಿಂದ ಗುಣಿಸಿ, ಎರಡರಿಂದ ಗುಣಿಸಿ, ಒಂದು ಕಿಲೋವನ್ನು ವರ್ಷವಿಡೀ ಇಟ್ಟುಕೊಳ್ಳುವ ವೆಚ್ಚದಿಂದ ಭಾಗಿಸಿ, ವರ್ಗಮೂಲ ತೆಗೆಯುವುದು. ನಮ್ಮ ಖಾರದ ಪುಡಿಗೆ ವರ್ಷದ ಬೇಡಿಕೆ 46,800 ಕಿಲೋ, ಪೂರ್ಣ ಶುಚಿ ಮತ್ತು ಹೊಸ ಸಿದ್ಧತೆಗೆ 1,000 ರೂಪಾಯಿ, ಇಟ್ಟುಕೊಳ್ಳುವ ವೆಚ್ಚ ಕಿಲೋಗೆ 54 ರೂಪಾಯಿ ಎಂದರೆ ಉತ್ತರ ಸುಮಾರು 1,316 ಕಿಲೋ. ಅದು ಹತ್ತು ದಿನದ ಮಾರಾಟ.

ಇಲ್ಲಿ ಸೂತ್ರಕ್ಕೆ ಕುರುಡಾಗಿ ಮಣಿಯಬಾರದು. ಅದಕ್ಕೆ ಗಾಡಿ ವಾರಕ್ಕೊಮ್ಮೆ ಹೊರಡುತ್ತದೆಂಬುದು ತಿಳಿಯದು, ಅದೇ ಯಂತ್ರದ ಮುಂದೆ ಇನ್ನೆರಡು ಪುಡಿಗಳು ಸರದಿ ನಿಂತಿವೆಯೆಂಬುದೂ ತಿಳಿಯದು. ಹತ್ತು ದಿನದ ಚಕ್ರ ಏಳು ದಿನದ ಗಾಡಿಯ ಜೊತೆ ಎಂದೂ ಹೆಜ್ಜೆ ಹಾಕುವುದಿಲ್ಲ. ವಾರಕ್ಕೊಮ್ಮೆ 900 ಕಿಲೋ ಮಾಡಿದರೆ ಸಿದ್ಧತೆಗೆ 52,000, ದಾಸ್ತಾನಿಗೆ 24,300, ಒಟ್ಟು ವರ್ಷಕ್ಕೆ 76,300 ರೂಪಾಯಿ. ಸೂತ್ರದ ಪ್ರಕಾರ ನಡೆದರೆ ಸುಮಾರು 71,100. ವ್ಯತ್ಯಾಸ ವಾರಕ್ಕೆ ನೂರು ರೂಪಾಯಿ. ಆ ನೂರು ರೂಪಾಯಿಗೆ ಯಂತ್ರ, ಗೋದಾಮು, ಗಾಡಿ ಮೂರಕ್ಕೂ ಒಂದೇ ತಾಳ ಸಿಗುತ್ತದೆ. ಸೂತ್ರದಿಂದ ಸರಿಸುಮಾರು ಗಾತ್ರ ತಿಳಿದುಕೊಂಡು, ಅದಕ್ಕೆ ಹತ್ತಿರದ ಪೂರ್ಣ ವಾರಕ್ಕೆ ಹೊಂದಿಸಿಕೊಳ್ಳಿ.

ಹೆಜ್ಜೆ 7: ಆಪತ್ತಿಗೆ ಎಷ್ಟು, ಎಲ್ಲಿ, ಯಾವ ರೂಪದಲ್ಲಿ

ಮೇಲಿನ ಹಾಳೆಯಲ್ಲಿ ಗುರುವಾರ ಖಾರದ ಉಳಿಕೆ ಸೊನ್ನೆಯಾಯಿತು. ಬೇಡಿಕೆ ಸರಾಸರಿಯಷ್ಟೇ ಇದ್ದರೆ ಇದು ಸರಿ, ಆದರೆ ಅದು ಹಾಗಿರುವುದಿಲ್ಲ. ವಾರದ ಖಾರದ ಮಾರಾಟದ ಪ್ರಮಾಣ ವಿಚಲನೆ, ಅಂದರೆ ಸರಾಸರಿಯ ಸುತ್ತಲಿನ ಏರಿಳಿತದ ಅಳತೆ, 120 ಕಿಲೋ ಇದೆಯೆಂದುಕೊಳ್ಳೋಣ. ನೀವು ಬರೆದಿಟ್ಟ ಅಂಕಿಗಳಿಂದ ಎಕ್ಸೆಲ್ ಇದನ್ನು ತಾನೇ ಲೆಕ್ಕ ಹಾಕಿಕೊಡುತ್ತದೆ. ನೂರರಲ್ಲಿ 95 ವಾರ ಕೊರತೆ ಬೀಳಬಾರದೆಂದರೆ ಅದನ್ನು 1.65ರಿಂದ ಗುಣಿಸಬೇಕು: ಸುಮಾರು 200 ಕಿಲೋ. ಇದು ಸುರಕ್ಷತಾ ದಾಸ್ತಾನು. ಹಾಳೆಯ ಪ್ರತಿ ಉಳಿಕೆಯ ಕೆಳಗೂ ಸದಾ ಇರಬೇಕಾದ ತಳ. ಮತ್ತೆ ತುಂಬಿಕೊಳ್ಳಲು ಒಂದು ವಾರದ ಬದಲು ಎರಡು ವಾರ ಬೇಕಾದರೆ ಅದು ಎರಡು ಪಟ್ಟಾಗುವುದಿಲ್ಲ, ಎರಡರ ವರ್ಗಮೂಲದಷ್ಟು ಬೆಳೆದು ಸುಮಾರು 280 ಆಗುತ್ತದೆ.

ಇದನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ದೊಡ್ಡ ಉಳಿತಾಯವಿದೆ. ನಾಲ್ವರು ವ್ಯಾಪಾರಿಗಳಲ್ಲಿ ಪ್ರತಿಯೊಬ್ಬರ ವಿಚಲನೆ 60 ಕಿಲೋ ಎಂದರೆ, ಒಬ್ಬೊಬ್ಬರೂ ತಮ್ಮಲ್ಲೇ ಇಟ್ಟುಕೊಂಡಾಗ ತಲಾ 99ರಂತೆ ಸುಮಾರು 400 ಕಿಲೋ ಬೇಕು. ಹುಬ್ಬಳ್ಳಿಯಲ್ಲಿ ಒಂದೇ ಕಡೆ ಇಟ್ಟರೆ ಒಬ್ಬರ ಏರಿಕೆ ಇನ್ನೊಬ್ಬರ ಇಳಿತವನ್ನು ತುಂಬುವುದರಿಂದ 200 ಕಿಲೋ ಸಾಕು. ಇದು ನಾಲ್ಕೂ ಊರುಗಳ ಏರಿಳಿತ ಪರಸ್ಪರ ಸಂಬಂಧವಿಲ್ಲದೆ ನಡೆದಾಗಿನ ಮಾತು. ಹಬ್ಬಕ್ಕೆ ಎಲ್ಲ ಕಡೆಯೂ ಒಟ್ಟಿಗೆ ಏರುವಾಗ ಈ ಅನುಕೂಲ ಕರಗುತ್ತದೆ.

ರೂಪದ ವಿಷಯ ಮಸಾಲೆಯಲ್ಲಿ ಇನ್ನೂ ಮುಖ್ಯ. ಅರೆದ ಪುಡಿಯ ಬಣ್ಣ, ಘಮ ಗಾಳಿ ಬೆಳಕಿಗೆ ಬೇಗ ಇಳಿಯುತ್ತವೆ; ಇಡಿಯ ಕಾಯಿ ಬ್ಯಾಡಗಿಯ ಶೀತಲಗೃಹಗಳಲ್ಲಿ ತಿಂಗಳುಗಟ್ಟಲೆ ಬಣ್ಣ ಕೆಡದೆ ಇರುತ್ತದೆ. ಆದ್ದರಿಂದ ವರ್ಷದ ದಾಸ್ತಾನು ಕಾಯಿಯ ರೂಪದಲ್ಲೂ, ವಾರದ ದಾಸ್ತಾನು ಪುಡಿಯ ರೂಪದಲ್ಲೂ ಇರಲಿ. ಗೋದಾಮಿನಲ್ಲಿ ಮೊದಲು ಅವಧಿ ಮುಗಿಯುವ ಬ್ಯಾಚ್ ಮೊದಲು ಹೊರಡಲಿ, ಬ್ಯಾಚ್ ಸಂಖ್ಯೆಯೂ ಅದೇ ಹಾಳೆಯಲ್ಲಿರಲಿ.

ಹೆಜ್ಜೆ 8: ಹಬ್ಬದ ವಾರಗಳು

ದಸರಾದಿಂದ ದೀಪಾವಳಿಯ ಕಡೆಗೆ ಮೂರು ವಾರ ಬೇಡಿಕೆ ಒಂದೂವರೆ ಪಟ್ಟು, ಅಂದರೆ ವಾರಕ್ಕೆ 3,000 ಕಿಲೋ ಆಗುತ್ತದೆಂದುಕೊಳ್ಳಿ. ಶುಚಿಯ 6 ಗಂಟೆ ಕಳೆದು ಯಂತ್ರ ಕೊಡುವುದು 2,520. ವಾರಕ್ಕೆ 480ರಂತೆ ಮೂರು ವಾರಕ್ಕೆ 1,440 ಕಿಲೋ ಕೊರತೆ. ಹಬ್ಬಕ್ಕೆ ಮೊದಲಿನ ಮೂರು ವಾರ ಶನಿವಾರದ ಬಿಡುವನ್ನು ಬಳಸಿ ಇಷ್ಟನ್ನು ಮುಂಚೆಯೇ ಅರೆದಿಡಬೇಕು. ಮುಂಚೆ ಅರೆಯುವ ಪುಡಿಯಾಗಿ ನಾನು ಖಾರವನ್ನೇ ಆರಿಸುತ್ತೇನೆ. ಅದರ ದಾಸ್ತಾನು ಕೈಯಲ್ಲಿದ್ದರೆ ಹಬ್ಬದ ಒಂದು ವಾರ ಖಾರದ ಸರದಿಯನ್ನೇ ಬಿಡಬಹುದು. ಆಗ ಶುಚಿಯಲ್ಲಿ ನಾಲ್ಕು ಗಂಟೆ ಉಳಿದು ಇನ್ನೂ 240 ಕಿಲೋಗೆ ಜಾಗ ಸಿಗುತ್ತದೆ. ಬೆಳಕು ಗಾಳಿ ತಾಗದ ಪ್ಯಾಕ್‌ನಲ್ಲಿ ಐದಾರು ವಾರದೊಳಗೆ ಅದು ಖರ್ಚಾಗಬೇಕು ಎಂಬ ಎಚ್ಚರ ಮಾತ್ರ ಇರಲಿ.

ಮಿಲ್ಲು ಹೀಗೆ ಗೆದ್ದರೂ ಗಾಡಿ ಸೋಲುತ್ತದೆ. ಒಂದೂವರೆ ಪಟ್ಟಿಗೆ ಬೆಳಗಾವಿಗೆ 825, ಗದಗಕ್ಕೆ 750 ಕಿಲೋ, ಎರಡೂ ಹಿಡಿಯುತ್ತವೆ. ದಕ್ಷಿಣಕ್ಕೆ 1,425 ಕಿಲೋ. ವಾರಕ್ಕೆ 425ರಂತೆ ಮೂರು ವಾರಕ್ಕೆ 1,275 ಕಿಲೋ ಗಾಡಿಯ ಹೊರಗೆ ಉಳಿಯುತ್ತದೆ. ಮುಂಚೆ ಅರೆದಿಟ್ಟ ಖಾರವನ್ನು ಹುಬ್ಬಳ್ಳಿಯಲ್ಲೇ ಕೂಡಿಡದೆ, ಹಬ್ಬಕ್ಕೆ ಒಂದು ವಾರ ಮೊದಲೇ ಬಾಡಿಗೆಯ ದೊಡ್ಡ ಲಾರಿಯಲ್ಲಿ ಒಂದೇ ಟ್ರಿಪ್‌ಗೆ ದಾವಣಗೆರೆ, ಹಾವೇರಿಗಳಿಗೆ ಸಾಗಿಸಿಬಿಡಿ. ಅವರ ಹಬ್ಬದ ಖಾರ ಮೂರು ವಾರಕ್ಕೆ 1,800 ಕಿಲೋ ಆಗುವುದರಿಂದ 1,275 ಕಿಲೋ ಮುಂಚೆ ಹೋದರೂ ಅವರಿಗೆ ಅದು ಹೊರೆಯಲ್ಲ. ಹಣ ಕೊಡುವ ದಿನವನ್ನು ಅಷ್ಟೇ ಮುಂದಕ್ಕೆ ಹಾಕಿದರೆ ವ್ಯಾಪಾರಿಗಳು ಸಾಮಾನ್ಯವಾಗಿ ಒಪ್ಪುತ್ತಾರೆ.

ಹೆಜ್ಜೆ 9: ಶನಿವಾರದ ಒಂದು ಗಂಟೆ

ಶನಿವಾರ ಬೆಳಿಗ್ಗೆ ಮಿಲ್ಲು, ಗೋದಾಮು, ಗಾಡಿ, ಮಾರಾಟ ನೋಡುವವರೆಲ್ಲ ಒಂದೇ ಮೇಜಿಗೆ ಕೂರಬೇಕು. ಮೊದಲು ಗೋದಾಮಿನಲ್ಲಿ ನಿಜವಾಗಿ ಎಣಿಸಿದ ಉಳಿಕೆಯನ್ನು ಹಾಳೆಯ ಉಳಿಕೆಯೊಂದಿಗೆ ತಾಳೆ ನೋಡಿ. ವ್ಯತ್ಯಾಸವಿದ್ದರೆ ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ. ಅನಂತರ ಶುಕ್ರವಾರ ಸಂಜೆ ಬಂದ ವ್ಯಾಪಾರಿಗಳ ಉಳಿಕೆ, ಮುಂದಿನ ವಾರದ ಪ್ರಮಾಣ, ಯಂತ್ರದ ದಿನಗಳು, ಗಾಡಿಯ ದಿನಗಳು, ಬ್ಯಾಡಗಿಯಲ್ಲಿ ಕೊಳ್ಳಬೇಕಾದ ಕಾಯಿ. ಮುಂದಿನ ಎರಡು ದಿನದ ಕೆಲಸವನ್ನು ಯಾರೂ ಬದಲಿಸಕೂಡದು. ಅದರಾಚೆಯದನ್ನು ಹಾಳೆ ನೋಡಿ ಬದಲಿಸಬಹುದು. ಮೂರು ತಿಂಗಳು ನಡೆದ ಮೇಲೆ ಬೇಕಾದರೆ ಎಕ್ಸೆಲ್‌ನ ಸಾಲ್ವರ್‌ಗೆ ಅಗ್ಗದ ಯೋಜನೆ ಹುಡುಕಲು ಹೇಳಿ. ಅಂಕಿಗಳು ನಂಬುವಂತಿಲ್ಲದೆ ಅದಕ್ಕೆ ಕೈಹಾಕಿದರೆ ತಪ್ಪು ಉತ್ತರ ಬೇಗ ಬರುತ್ತದೆ, ಅಷ್ಟೇ.

ಹಾಳೆ ಹೇಗೆ ಉಪಯೋಗಕ್ಕೆ ಬರುತ್ತದೆಂಬುದನ್ನು ಒಂದು ಫೋನು ಕರೆಯಿಂದ ನೋಡಬಹುದು. ಮಂಗಳವಾರ ಮಧ್ಯಾಹ್ನ ಬೆಳಗಾವಿಯವರು ಮದುವೆಯ ಆರ್ಡರ್ ಬಂದಿದೆ, ಈ ಶನಿವಾರ ಇನ್ನೂ 200 ಕಿಲೋ ಖಾರ ಬೇಕು ಎನ್ನುತ್ತಾರೆ. ಗಾಡಿಯಲ್ಲಿ 550ರ ಜೊತೆ 200 ಸೇರಿ 750 ಕಿಲೋ, ಜಾಗವಿದೆ. ಶನಿವಾರ ಬೆಳಿಗ್ಗೆ ಸಿದ್ಧವಿರುವ ಖಾರ 700. ಬೆಳಗಾವಿಗೆ 500 ಹೋದರೆ ಉಳಿಯುವುದು 200. ಆಗ ಮುಂದಿನ ಗುರುವಾರದ ದಕ್ಷಿಣದ ಗಾಡಿಗೆ ಕೊರತೆ ಬೀಳುತ್ತದೆ. ಶುಕ್ರವಾರ 200ರ ಬದಲು 400 ಕಿಲೋ ಅರೆದರೆ? ಅದಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ ಹೆಚ್ಚು ಬೇಕು. ಶುಚಿಯ ಹೆಚ್ಚಿನ ಭಾಗ ಶನಿವಾರದ ಬಿಡುವಿಗೆ ಸರಿಯುತ್ತದೆ. ಸೋಮವಾರ 400 ಸಿದ್ಧ, ಗದಗಕ್ಕೆ 200, ಉಳಿಕೆ 400, ಗುರುವಾರಕ್ಕೆ ಸರಿಹೋಯಿತು. ಆಪತ್ತಿನ 200 ಕಿಲೋಗೆ ಕೈ ಹಾಕುವ ಪ್ರಮೇಯವೇ ಬರಲಿಲ್ಲ. ಕಾಯಿ ಸಾಕಷ್ಟಿದೆಯೇ ಎಂದು ಗೋದಾಮಿನವರನ್ನು ಒಂದು ಮಾತು ಕೇಳಿ, ಶುಕ್ರವಾರದ ಮನೆಯಲ್ಲಿ 200 ಹೊಡೆದು 400 ಎಂದು ಬರೆದು, ಬೆಳಗಾವಿಯವರಿಗೆ ಫೋನು ಇಡುವ ಮೊದಲೇ ಉತ್ತರ ಕೊಡಬಹುದು: ಶನಿವಾರದ ಗಾಡಿಯಲ್ಲೇ ಬರುತ್ತದೆ.